ಮಕ್ಕಳಿಗೆ ಅತಿಸಲಿಗೆ, ಮನೆಯೊಳಗೆ ಮನಸ್ತಾಪ: ಸಣ್ಣಕತೆಗಳು ಹೇಳುವುದೇನು?



ಕೆಲವು ವರ್ಷಗಳ ಹಿಂದೆ ಒಂದು ಧರ್ಮಕೇಂದ್ರದಲ್ಲಿ ಕ್ರಿಸ್ತಶಿಕ್ಷಣದ ಮಕ್ಕಳ ಹೆತ್ತವರಿಗಾಗಿ ಸಭೆಯೊಂದು ನಡೆಯಿತು. ಮಾತಾಡುವ ಹೊಣೆ ನಮ್ಮದಾಗಿತ್ತು. ಕೇಳಿದ್ದನ್ನೆಲ್ಲ ಕೊಡಿಸಬೇಡಿ, 'ಬೇಡ' ಎನ್ನಲು ಕಲಿಯಿರಿ, ಅತಿಸಲಿಗೆ ಮಕ್ಕಳನ್ನು ಹಾಳುಮಾಡುತ್ತದೆ ಎಂದು ಮುಕ್ಕಾಲು ಗಂಟೆ ಹೇಳಿದೆವು. ಎಲ್ಲರೂ ತಲೆಯಾಡಿಸಿದರು. ಸಭೆ ಮುಗಿದು ಚಹಾ ಕುಡಿಯುವಾಗ ಒಬ್ಬ ತಾಯಿ ಹತ್ತಿರ ಬಂದರು. ಅವರ ಗಂಡ ಕೊಲ್ಲಿ ರಾಷ್ಟ್ರದಲ್ಲಿ ಕೆಲಸಕ್ಕಿದ್ದು ಎರಡು ವರ್ಷಕ್ಕೊಮ್ಮೆ ಊರಿಗೆ ಬರುವವರು. "ಫಾದರ್, ನೀವು ಹೇಳಿದ್ದು ಸರಿಯೇ. ಆದರೆ ಗದರಿಸುವವಳೂ ನಾನೇ, ಗದರಿಸಿದ ಮೇಲೆ ಸಮಾಧಾನ ಮಾಡುವವಳೂ ನಾನೇ. ರಾತ್ರಿ ಫೋನ್ ಬಂದಾಗ ಅವನಪ್ಪ, ಪಾಪ, ಕೊಡಿಸಿಬಿಡು ಅನ್ನುತ್ತಾರೆ. ಆಮೇಲೆ ನಾನು ಏನು ಮಾಡಲಿ?" ಎಂದು ಕೇಳಿದರು. ನಮ್ಮಲ್ಲಿ ಸಿದ್ಧ ಉತ್ತರವಿರಲಿಲ್ಲ. ಪ್ರಾರ್ಥನೆ ಮಾಡಿ ಎಂದು ಹೇಳಿ ಕಳಿಸಿದೆವು. ಹೇಳಿದ್ದು ತಪ್ಪಲ್ಲ. ಆದರೆ ಅವರು ಕೇಳಿದ್ದು ಅದನ್ನಲ್ಲ.

ಆ ಪ್ರಶ್ನೆ ನಮ್ಮನ್ನು ಬಹಳ ದಿನ ಕಾಡಿತು. ಉಪದೇಶದಲ್ಲಿ ಹೆತ್ತವರು ಎಂದರೆ ಎಲ್ಲರೂ ಒಂದೇ. ಮನೆಗಳು ಮಾತ್ರ ಒಂದರಂತೆ ಒಂದಿಲ್ಲ. ಒಂದು ಮನೆಯ ಒಳಗೆ ಹೋಗಿ, ಅಲ್ಲಿ ಯಾರು ಯಾಕೆ ಸಲಿಗೆ ಕೊಡುತ್ತಾರೆ, ಜಗಳ ಎಲ್ಲಿಂದ ಶುರುವಾಗುತ್ತದೆ ಎಂದು ನೋಡುವ ಕೆಲಸವನ್ನು ಸಣ್ಣಕತೆ ಚೆನ್ನಾಗಿ ಮಾಡುತ್ತದೆ. ಈ ವಿಷಯವಾಗಿ ನಾವು ಓದಿದ ಕೆಲವು ಕತೆಗಳನ್ನು ಕುಟುಂಬ ಆಯೋಗದ ಕಾರ್ಯಕರ್ತರ, ಕ್ರಿಸ್ತಶಿಕ್ಷಣದ ಶಿಕ್ಷಕರ ಮತ್ತು ಹೆತ್ತವರ ಉಪಯೋಗಕ್ಕಾಗಿ ಇಲ್ಲಿ ಪರಿಚಯಿಸುತ್ತಿದ್ದೇವೆ.

ಅತಿಸಲಿಗೆ ಎಂದರೇನು?

ಮೊದಲು ಪದದ ಅರ್ಥ ಸ್ಪಷ್ಟವಾಗಲಿ. ಅಮೆರಿಕದ ಮನಶ್ಶಾಸ್ತ್ರಜ್ಞೆ ಡಯಾನಾ ಬಾಮ್‌ರಿಂಡ್ 1960ರ ದಶಕದಲ್ಲಿ ಮಕ್ಕಳನ್ನು ಬೆಳೆಸುವ ರೀತಿಗಳನ್ನು ಮೂರಾಗಿ ವಿಂಗಡಿಸಿದರು. ಮೊದಲನೆಯದು, ಹೇಳಿದ್ದೇ ಕೊನೆ ಎನ್ನುವ ಕಟ್ಟುನಿಟ್ಟಿನ ರೀತಿ. ಎರಡನೆಯದು, ಪ್ರೀತಿಯೂ ಇದ್ದು ನಿಯಮವೂ ಇರುವ, ನಿಯಮಕ್ಕೆ ಕಾರಣವನ್ನೂ ಹೇಳುವ ರೀತಿ. ಮೂರನೆಯದು, ಮಗು ಬಯಸಿದ್ದಕ್ಕೆಲ್ಲ ಒಪ್ಪುವ, ಮಗುವಿನಿಂದ ಏನನ್ನೂ ನಿರೀಕ್ಷಿಸದ ಸಲಿಗೆಯ ರೀತಿ. 1983ರಲ್ಲಿ ಮ್ಯಾಕೋಬಿ ಮತ್ತು ಮಾರ್ಟಿನ್ ಎಂಬ ವಿದ್ವಾಂಸರು ಈ ವಿಂಗಡಣೆಯನ್ನು ತಿದ್ದಿ, ನಿಯಮವೂ ಇಲ್ಲದ ಅಕ್ಕರೆಯೂ ಇಲ್ಲದ ನಿರ್ಲಕ್ಷ್ಯದ ರೀತಿಯನ್ನು ಬೇರೆಯಾಗಿ ಗುರುತಿಸಿದರು.

ಹೊರಗಿನಿಂದ ನೋಡುವವರಿಗೆ ಅತಿಸಲಿಗೆ ಮತ್ತು ನಿರ್ಲಕ್ಷ್ಯ ಒಂದೇ ಥರ ಕಾಣಬಹುದು. ಎರಡೂ ಮನೆಗಳಲ್ಲಿ ಮಗುವಿಗೆ ತಡೆಯಿಲ್ಲ. ಆದರೆ ಒಂದು ಮನೆಯಲ್ಲಿ ಪ್ರೀತಿ ತುಂಬಿ ಹರಿಯುತ್ತಿರಬಹುದು, ಇನ್ನೊಂದರಲ್ಲಿ ಅದು ಬತ್ತಿರಬಹುದು. ಪುಸ್ತಕದ ವಿಂಗಡಣೆಯಲ್ಲಿ ಈ ಗೆರೆ ನೇರವಾಗಿದೆ. ಕತೆಗಳನ್ನು ಓದಿದಾಗ ಈ ಗೆರೆ ಒಂದೇ ಮನೆಯ ಒಳಗೆ, ಒಂದೇ ದಿನದಲ್ಲಿ ಹಲವು ಸಲ ದಾಟಿಹೋಗುವುದು ಕಾಣುತ್ತದೆ.

ಹೆತ್ತವರ ಜಾಗಕ್ಕೆ ಬಂದ ಕೋಣೆ

ಅತಿಸಲಿಗೆಯ ಬಗ್ಗೆ ಬರೆದ ಕತೆಗಳಲ್ಲಿ ಹೆಚ್ಚು ಹೆಸರಾದದ್ದು ಅಮೆರಿಕದ ರೇ ಬ್ರಾಡ್‌ಬರಿ ಅವರ 'ದಿ ವೆಲ್ಟ್'. 1950ರ ಸೆಪ್ಟೆಂಬರಿನಲ್ಲಿ 'ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್' ಪತ್ರಿಕೆಯಲ್ಲಿ ಇದು ಮೊದಲು ಪ್ರಕಟವಾದಾಗ ಇದರ ಹೆಸರು 'ಮಕ್ಕಳು ಕಟ್ಟಿದ ಲೋಕ' ಎಂಬ ಅರ್ಥದ್ದಾಗಿತ್ತು. ಅಮೆರಿಕದ ಮನೆಗಳಿಗೆ ಟೆಲಿವಿಷನ್ ಆಗತಾನೇ ಕಾಲಿಡುತ್ತಿದ್ದ ಕಾಲ ಅದು. ಮಕ್ಕಳೊಂದಿಗೆ ಮೃದುವಾಗಿರಿ, ನಿಮ್ಮ ಮೇಲೆ ನೀವು ನಂಬಿಕೆಯಿಡಿ ಎಂದು ಹೇಳುತ್ತಿದ್ದ ಡಾ. ಬೆಂಜಮಿನ್ ಸ್ಪಾಕ್ ಅವರ ಶಿಶುಪಾಲನೆಯ ಪುಸ್ತಕ 1946ರಲ್ಲಿ ಬಂದು ಮನೆಮಾತಾಗಿತ್ತು.

ಕತೆಯಲ್ಲಿ ಜಾರ್ಜ್ ಮತ್ತು ಲಿಡಿಯಾ ದಂಪತಿಗೆ ಪೀಟರ್ ಮತ್ತು ವೆಂಡಿ ಎಂಬ ಹತ್ತು ವರ್ಷದ ಮಕ್ಕಳು. 30,000 ಡಾಲರು ಕೊಟ್ಟು ಅವರು ಕೊಂಡ ಮನೆ ತಾನೇ ಅಡುಗೆ ಮಾಡುತ್ತದೆ, ಬಟ್ಟೆ ತೊಡಿಸುತ್ತದೆ, ಮಕ್ಕಳನ್ನು ತೂಗಿ ಮಲಗಿಸುತ್ತದೆ. ಆಟದ ಕೋಣೆಯ ಗೋಡೆಗಳ ಮೇಲೆ ಮಕ್ಕಳು ಮನಸ್ಸಿನಲ್ಲಿ ನೆನೆದದ್ದು ನಿಜವೆಂಬಂತೆ ಮೂಡುತ್ತದೆ. ಇತ್ತೀಚೆಗೆ ಅಲ್ಲಿ ಸದಾ ಆಫ್ರಿಕಾದ ಹುಲ್ಲುಗಾವಲು, ಉರಿಬಿಸಿಲು, ಏನನ್ನೋ ತಿನ್ನುತ್ತಿರುವ ಸಿಂಹಗಳು. ಹೆದರಿದ ತಂದೆ ಮನಶ್ಶಾಸ್ತ್ರಜ್ಞನನ್ನು ಕರೆಸುತ್ತಾನೆ. ನಿಮ್ಮಿಬ್ಬರ ಜಾಗಕ್ಕೆ ಈ ಕೋಣೆ ಬಂದಿದೆ, ಮಕ್ಕಳಿಗೆ ಈಗ ಇದೇ ತಂದೆ ತಾಯಿ ಎಂಬುದು ಆತನ ತೀರ್ಮಾನ. ಜಾರ್ಜ್ ಮನೆಯ ಯಂತ್ರಗಳನ್ನೆಲ್ಲ ನಿಲ್ಲಿಸುತ್ತಾನೆ. ಮಕ್ಕಳು ಅತ್ತು, ಚೀರಿ, ಹೊರಳಾಡುತ್ತಾರೆ. ಒಂದೇ ನಿಮಿಷ ಆಡಲಿ ಬಿಡಿ ಎಂದು ಲಿಡಿಯಾ ಬೇಡುತ್ತಾಳೆ. ಜಾರ್ಜ್ ಒಪ್ಪುತ್ತಾನೆ. ಆ ನಿಮಿಷದಲ್ಲಿ ಮಕ್ಕಳು ತಂದೆತಾಯಿಯನ್ನು ಕೂಗಿ ಒಳಗೆ ಕರೆದು ಹೊರಗಿನಿಂದ ಬಾಗಿಲು ಹಾಕುತ್ತಾರೆ. ಸಿಂಹಗಳು ತಿನ್ನುತ್ತಿದ್ದದ್ದು ಏನೆಂದು ಆಗ ತಿಳಿಯುತ್ತದೆ. ಸ್ವಲ್ಪ ಹೊತ್ತಿಗೆ ಬಂದ ಮನಶ್ಶಾಸ್ತ್ರಜ್ಞನಿಗೆ ವೆಂಡಿ, ಚಹಾ ಬೇಕೇ ಎಂದು ಕೇಳುತ್ತಾಳೆ.

ಇದು ಭಯದ ಕತೆ, ಬೇಕೆಂದೇ ಅತಿಯಾಗಿ ಬರೆದದ್ದು. ಆದರೂ ಒಂದು ಸೂಕ್ಷ್ಮ ಗಮನಿಸಬೇಕು. ಈ ಹೆತ್ತವರು ಮಕ್ಕಳಿಗೆ ಹೆಚ್ಚು ಕೊಟ್ಟದ್ದೇ ತಪ್ಪು ಎಂದು ಬ್ರಾಡ್‌ಬರಿ ಹೇಳುವುದಿಲ್ಲ. ಮಲಗಿಸುವುದು, ಬಟ್ಟೆ ತೊಡಿಸುವುದು, ಉಣಬಡಿಸುವುದು ಮುಂತಾದ ಚಿಕ್ಕ ಕೆಲಸಗಳನ್ನೆಲ್ಲ ಅವರು ಬಿಟ್ಟುಕೊಟ್ಟಿದ್ದರು. ಆಮೇಲೆ 'ಬೇಡ' ಎನ್ನಲು ಹೋದಾಗ ಆ ಮಾತಿಗೆ ಬೆಲೆ ಇರಲಿಲ್ಲ. ಪೋಪ್ ಫ್ರಾನ್ಸಿಸ್ 2016ರ 'ಅಮೋರಿಸ್ ಲೆತೀಸಿಯ' ಪ್ರೇರಣಾ ಪತ್ರದಲ್ಲಿ ಹೆತ್ತವರಿಗೆ ಇದೇ ಅರ್ಥದ ಪ್ರಶ್ನೆ ಹಾಕಿದ್ದರು. ಮಗು ಈ ಹೊತ್ತಿನಲ್ಲಿ ಯಾವ ಜಾಗದಲ್ಲಿದೆ ಎಂದು ಕಾವಲು ಕಾಯುವುದಕ್ಕಿಂತ, ಅದರ ಮನಸ್ಸು ಎಲ್ಲಿದೆ ಎಂಬುದು ನಿಮಗೆ ಗೊತ್ತೇ ಎಂದು. ಜಾರ್ಜ್ ಮತ್ತು ಲಿಡಿಯಾರ ಮಕ್ಕಳು ಸದಾ ಮನೆಯಲ್ಲೇ ಇದ್ದರು.

ಗಲಾಟೆಗೆ ಸೋತ ತಂದೆ

ಫ್ಲ್ಯಾನರಿ ಓಕಾನರ್ (1925–1964) ಅಮೆರಿಕದ ಜಾರ್ಜಿಯಾ ರಾಜ್ಯದ ಲೇಖಕಿ, ನಿಷ್ಠಾವಂತ ಕಥೋಲಿಕರು. ಲೂಪಸ್ ಎಂಬ ಕಾಯಿಲೆಯೊಂದಿಗೆ ಬದುಕಿ 39ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ 1953ರ ಪ್ರಸಿದ್ಧ ಕತೆ 'ಎ ಗುಡ್ ಮ್ಯಾನ್ ಈಸ್ ಹಾರ್ಡ್ ಟು ಫೈಂಡ್' ಒಂದು ಕುಟುಂಬದ ಕಾರು ಪ್ರವಾಸದ ಕತೆ. ಅಜ್ಜಿಯ ಮಾತಿಗೆ ಯಾರೂ ಬೆಲೆ ಕೊಡುವುದಿಲ್ಲ. ಇಬ್ಬರು ಮೊಮ್ಮಕ್ಕಳು ಅಜ್ಜಿಗೂ ಹೋಟೆಲಿನ ಹೆಂಗಸಿಗೂ ಎದುರುತ್ತರ ಕೊಡುತ್ತಾರೆ, ಹೆತ್ತವರು ಸುಮ್ಮನಿರುತ್ತಾರೆ. ಹಾದಿಯಲ್ಲಿ ಅಜ್ಜಿ ತನಗೆ ಬೇಕಾದ ಹಳೆಯ ಬಂಗಲೆ ನೋಡಲು ಮಕ್ಕಳನ್ನೇ ಹೂಡುತ್ತಾಳೆ. ಆ ಮನೆಯಲ್ಲಿ ಗುಟ್ಟಿನ ಬಾಗಿಲಿದೆ ಎಂದು ಸುಳ್ಳು ಹೇಳುತ್ತಾಳೆ. ಮಕ್ಕಳು ಕಿರುಚಿ, ತಂದೆಯ ಸೀಟಿಗೆ ಹಿಂದಿನಿಂದ ಒದೆಯುತ್ತಾರೆ. ತಂದೆ ಬೇಲಿ ಮೊದಲು ಆಗುವುದಿಲ್ಲ ಎನ್ನುತ್ತಾನೆ, ಕೊನೆಗೆ ಗಲಾಟೆ ತಾಳಲಾರದೆ ಕಾರನ್ನು ಮಣ್ಣಿನ ದಾರಿಗೆ ತಿರುಗಿಸುತ್ತಾನೆ. ಅಲ್ಲಿ ಅಪಘಾತ, ಆಮೇಲೆ ಸೆರೆಮನೆಯಿಂದ ತಪ್ಪಿಸಿಕೊಂಡ ಕೊಲೆಗಾರರ ಭೇಟಿ, ಇಡೀ ಕುಟುಂಬದ ಸಾವು.

ಈ ಕತೆಯನ್ನು ಸಾಮಾನ್ಯವಾಗಿ ದೈವಕೃಪೆಯ ಕತೆಯೆಂದು ಓದುತ್ತಾರೆ. ಕೊನೆಯ ಕ್ಷಣದಲ್ಲಿ ಅಜ್ಜಿ ಕೊಲೆಗಾರನನ್ನು ತನ್ನ ಮಕ್ಕಳಲ್ಲೊಬ್ಬನೆಂದು ಕಾಣುತ್ತಾಳೆ, ಆ ಓದು ಸರಿಯೇ. ಆದರೆ ಅಲ್ಲಿಗೆ ಹೋಗುವ ದಾರಿ ಬಹಳ ಸಾಮಾನ್ಯ ಮನೆಯದು. ಹಿರಿಯರು ತಮ್ಮ ಆಸೆಯನ್ನು ನೇರವಾಗಿ ಹೇಳದೆ ಮಕ್ಕಳ ಬಾಯಿಂದ ಹೇಳಿಸುತ್ತಾರೆ. ತಂದೆ ಒಪ್ಪಿದ್ದು ಪ್ರೀತಿಯಿಂದಲ್ಲ, ಸುಸ್ತಿನಿಂದ. ಮಕ್ಕಳ ತಾಯಿಗೆ ಕತೆಯಲ್ಲಿ ಹೆಸರೇ ಇಲ್ಲ. ಸಲಿಗೆ ಎಂದು ನಾವು ಕರೆಯುವುದರಲ್ಲಿ ಎಷ್ಟು ಪಾಲು ದಣಿವು ಎಂಬುದನ್ನು ಇದು ತೋರಿಸುತ್ತದೆ. ಸಂಜೆ ಕೆಲಸ ಮುಗಿಸಿ ಬಂದು ಮಗುವಿನ ಕೈಗೆ ಮೊಬೈಲ್ ಕೊಟ್ಟು ಸುಮ್ಮನಾಗಿಸಿದ ಯಾವ ತಂದೆತಾಯಿಗೂ ಬೇಲಿ ಅಪರಿಚಿತನಲ್ಲ.

ಮಗನನ್ನು ತನಗಿಂತ ಮೇಲೆ ಕೂರಿಸಿದವನು

ನಮ್ಮ ದೇಶದ ಕತೆಗಳಲ್ಲಿ ಈ ವಿಷಯವನ್ನು ಅತಿ ಕರುಣೆಯಿಂದ ಕಂಡವರು ರವೀಂದ್ರನಾಥ ಟಾಗೋರರು. 1891ರ ಅವರ 'ಖೋಕಾಬಾಬುರ್ ಪ್ರತ್ಯಾಬರ್ತನ್' ಕತೆಯಲ್ಲಿ ರಾಯಿಚರಣ ಒಬ್ಬ ಮನೆಯಾಳು. ಅವನು ಕದಂಬದ ಹೂ ಕೀಳಲು ಹೋದ ಗಳಿಗೆಯಲ್ಲಿ ಧಣಿಯ ಪುಟ್ಟ ಮಗು ಪದ್ಮಾ ನದಿಯ ಪಾಲಾಗುತ್ತದೆ. ಒಡವೆಯ ಆಸೆಗೆ ನೀನೇ ಕದ್ದಿರಬೇಕು ಎಂದು ಧಣಿಯ ಹೆಂಡತಿ ಆರೋಪಿಸುತ್ತಾಳೆ. ಊರಿಗೆ ಮರಳಿದ ರಾಯಿಚರಣನಿಗೆ ಒಬ್ಬ ಮಗ ಹುಟ್ಟುತ್ತಾನೆ, ಹೆಂಡತಿ ತೀರಿಹೋಗುತ್ತಾಳೆ. ಮಗುವಿನ ನಡೆನುಡಿ ನೋಡಿ, ಧಣಿಯ ಮಗುವೇ ತನ್ನ ಮನೆಯಲ್ಲಿ ಹುಟ್ಟಿಬಂದಿದೆ ಎಂದು ಅವನು ನಂಬುತ್ತಾನೆ.

ಅಲ್ಲಿಂದ ಅವನು ಮಗನನ್ನು ಮಗನಂತಲ್ಲ, ಧಣಿಯ ಮಗನಂತೆ ಸಾಕುತ್ತಾನೆ. ಸತ್ತ ಹೆಂಡತಿಯ ಒಡವೆ ಕರಗಿಸಿ ಮಗುವಿಗೆ ಆಭರಣ ಮಾಡಿಸುತ್ತಾನೆ. ಊರ ಮಕ್ಕಳೊಡನೆ ಆಡಲು ಬಿಡುವುದಿಲ್ಲ. ಜಮೀನು ಮಾರಿ ಕಲ್ಕತ್ತೆಗೆ ಹೋಗಿ ಒಳ್ಳೆಯ ಶಾಲೆಗೆ ಸೇರಿಸುತ್ತಾನೆ. ತಾನು ಅರೆಹೊಟ್ಟೆ ಉಂಡು ಮಗನಿಗೆ ಒಳ್ಳೆಯದನ್ನೇ ಉಣಿಸುತ್ತಾನೆ, ಉಡಿಸುತ್ತಾನೆ. ತಾನು ತಂದೆ ಎಂಬುದನ್ನೂ ಹೇಳುವುದಿಲ್ಲ. ಜೊತೆಯ ಹುಡುಗರು ಈ ಹಳ್ಳಿಗನನ್ನು ಗೇಲಿ ಮಾಡುವಾಗ ಅವನ ಬೆನ್ನ ಹಿಂದೆ ಮಗನೂ ಸೇರಿಕೊಳ್ಳುತ್ತಾನೆ. ಕೈಯಲ್ಲಿದ್ದದ್ದೆಲ್ಲ ಮುಗಿದಾಗ ರಾಯಿಚರಣ ಹಳೆಯ ಧಣಿಯ ಮನೆಗೆ ಹೋಗಿ, ನಿಮ್ಮ ಮಗುವನ್ನು ಕದ್ದವನು ನಾನೇ ಎಂದು ಒಪ್ಪಿಕೊಂಡು ಮಗನನ್ನು ಒಪ್ಪಿಸುತ್ತಾನೆ. ಇಷ್ಟು ದಿನ ತನಗೆ ಮೋಸವಾಯಿತೆಂದು ಬಗೆದರೂ ಹುಡುಗ ದೊಡ್ಡ ಮನಸ್ಸು ಮಾಡಿ, ಇವನನ್ನು ಕ್ಷಮಿಸಿ, ಮನೆಯಲ್ಲಿ ಇಟ್ಟುಕೊಳ್ಳದಿದ್ದರೆ ತಿಂಗಳಿಗೆ ಇಷ್ಟೆಂದು ಹಣವನ್ನಾದರೂ ಕೊಡಿ ಎನ್ನುತ್ತಾನೆ. ರಾಯಿಚರಣ ಮಗನ ಮುಖವನ್ನು ಒಮ್ಮೆ ನೋಡಿ ಹೊರಟುಹೋಗುತ್ತಾನೆ. ತಿಂಗಳ ಕೊನೆಗೆ ಅವನ ಊರಿಗೆ ಕಳಿಸಿದ ಹಣ, ಅಲ್ಲಿ ಅಂಥವರಾರೂ ಇಲ್ಲವೆಂದು ವಾಪಸು ಬರುತ್ತದೆ.

ಇಲ್ಲಿ ಕೆಟ್ಟವರು ಯಾರೂ ಇಲ್ಲ. ತಂದೆಯದು ಪಾಪಭೀತಿ, ಪ್ರಾಯಶ್ಚಿತ್ತದ ಹಂಬಲ. ಹುಡುಗ ತಾನು ಕಲಿತದ್ದನ್ನೇ ಮಾಡಿದ್ದಾನೆ, ಈ ಮನುಷ್ಯ ತನ್ನ ಸೇವಕ ಎಂದು. ಅದನ್ನು ಅವನಿಗೆ ಕಲಿಸಿದವನು ತಂದೆಯೇ. ನಮ್ಮ ಕರಾವಳಿಯಲ್ಲಿ ಸಾಲಮಾಡಿ, ಕಾಡು ಗದ್ದೆ ಮಾರಿ, ತಾವು ಹಳೆಯ ಬಟ್ಟೆ ಉಟ್ಟು ಮಕ್ಕಳನ್ನು ಓದಿಸಿದ ಹೆತ್ತವರು ಅನೇಕರಿದ್ದಾರೆ. ಅದು ಗೌರವದ ವಿಷಯ. ಆದರೆ ಮನೆಯ ಕಷ್ಟ ಮಗುವಿಗೆ ತಿಳಿಯಲೇಬಾರದು ಎಂದು ಮುಚ್ಚಿಟ್ಟರೆ, ಆ ಮಗು ದೊಡ್ಡದಾದ ಮೇಲೆ ಹೆತ್ತವರನ್ನು ಗುರುತಿಸುವುದು ಹೇಗೆ? ಟಾಗೋರರ ಕತೆ ಈ ಪ್ರಶ್ನೆ ಎತ್ತಿ ಅಲ್ಲಿಗೇ ನಿಲ್ಲುತ್ತದೆ.

ಹಣ ಬಂದ ಮೇಲಿನ ಮನೆ

ಕನ್ನಡಕ್ಕೆ ಬರೋಣ. ಕನ್ನಡದ ಮೊದಮೊದಲ ಸಣ್ಣಕತೆಗಳೆಂದು ವಿಮರ್ಶಕರು ಗುರುತಿಸುವ ಬಂಟ್ವಾಳದ ಪಂಜೆ ಮಂಗೇಶರಾಯರ (1874–1937) ಕತೆಗಳು 1900ರ ಸುಮಾರಿಗೆ ಮಂಗಳೂರಿನ 'ಸುವಾಸಿನಿ' ಪತ್ರಿಕೆಯ ಮೂಲಕ ಬೆಳಕಿಗೆ ಬಂದವು. ಅವುಗಳ ಹೆಸರುಗಳನ್ನೇ ನೋಡಿ: 'ನನ್ನ ಚಿಕ್ಕ ತಾಯಿ', 'ನನ್ನ ಚಿಕ್ಕ ತಂದೆಯವರ ಉಯಿಲ್'. ನಮ್ಮ ಭಾಷೆಯ ಸಣ್ಣಕತೆ ಹುಟ್ಟಿದ್ದೇ ನಮ್ಮ ಕರಾವಳಿಯಲ್ಲಿ, ಅದೂ ನೆಂಟರಿಷ್ಟರ ನಡುವೆ.

ಈಚಿನವುಗಳಲ್ಲಿ ಉತ್ತರ ಕನ್ನಡದ ವಿವೇಕ ಶಾನಭಾಗರ ನೀಳ್ಗತೆ 'ಘಾಚರ್ ಘೋಚರ್' ನಮ್ಮ ವಿಷಯಕ್ಕೆ ಹತ್ತಿರದ್ದು. ಬೆಂಗಳೂರಿನ ಇರುವೆ ತುಂಬಿದ ಪುಟ್ಟ ಮನೆಯಲ್ಲಿ ಒಬ್ಬರಿಗೊಬ್ಬರು ಆತುಕೊಂಡು ಬದುಕಿದ್ದ ಕುಟುಂಬಕ್ಕೆ, ಚಿಕ್ಕಪ್ಪನ ಸೋನಾ ಮಸಾಲಾ ವ್ಯಾಪಾರದಿಂದ ದಿಢೀರನೆ ಹಣ ಬರುತ್ತದೆ. ಹೊಸ ಮನೆ, ಹೊಸ ಸಾಮಾನು. ದುಡಿಯುವ ಚಿಕ್ಕಪ್ಪನ ಸುತ್ತ ಮನೆಯವರೆಲ್ಲ ಕಾವಲು ನಿಲ್ಲುತ್ತಾರೆ. ಕತೆ ಹೇಳುವ ಮಗ ಹೆಸರಿಗೆ ಕಂಪನಿಯ ನಿರ್ದೇಶಕ, ಮಾಡುವ ಕೆಲಸವಿಲ್ಲ, ಸಂಬಳ ಬರುತ್ತದೆ. ಅದು ತಪ್ಪೆಂದು ಮನೆಯಲ್ಲಿ ಯಾರಿಗೂ ಅನಿಸುವುದಿಲ್ಲ. ಮಗಳು ಗಂಡನ ಮನೆ ಬಿಟ್ಟು ಬಂದರೆ, ಏನಾಯಿತೆಂದು ಕೂತು ಕೇಳಿ ಸರಿಮಾಡುವ ತಾಳ್ಮೆ ಯಾರಿಗೂ ಇಲ್ಲ. ಚಿಕ್ಕಪ್ಪನನ್ನು ಹುಡುಕಿಕೊಂಡು ಬಾಗಿಲಿಗೆ ಬಂದ ಹೆಂಗಸನ್ನು ಮನೆಯವರು ಸೇರಿ ಅವಮಾನಿಸಿ ಓಡಿಸುತ್ತಾರೆ. ಇದು ಸರಿಯಲ್ಲ ಎಂದು ಹೇಳುವವಳು ಹೊರಗಿನಿಂದ ಬಂದ ಸೊಸೆ ಅನಿತಾ ಒಬ್ಬಳೇ. ನ್ಯಾಯದ ಮಾತಾಡಿದ ಅವಳೇ ಆ ಮನೆಗೆ ಜಗಳಗಂಟಿಯಾಗುತ್ತಾಳೆ.

ಅತಿಸಲಿಗೆ ಮಕ್ಕಳಿಗೆ ಮಾತ್ರ ಕೊಡುವಂಥದ್ದಲ್ಲ ಎಂಬುದು ಇಲ್ಲಿ ಗೊತ್ತಾಗುತ್ತದೆ. ಮನೆಗೆ ಹಣ ತರುವವನಿಗೂ ಅದು ಸಿಗುತ್ತದೆ. ದುಡಿಯುವವನು ಏನು ಮಾಡಿದರೂ ಸರಿ ಎನ್ನುವ ಮನೆಯಲ್ಲಿ ಬೆಳೆದ ಮಗ, ದುಡಿಯದೆಯೂ ಏನು ಮಾಡಿದರೂ ಸರಿ ಎಂದುಕೊಳ್ಳುತ್ತಾನೆ. ಕುಟುಂಬಗಳ ಮನಸ್ತಾಪ ಬಿಡಿಸಲು ಹೋಗುವ ನಮ್ಮಂಥವರು ಈ ಕತೆಯಿಂದ ಒಂದು ಪಾಠ ಕಲಿಯಬೇಕು. ಮನೆಯಲ್ಲಿ ಜಗಳ ತೆಗೆದವರೇ ಜಗಳಕ್ಕೆ ಕಾರಣ ಎಂದು ಭಾವಿಸುವುದು ಸುಲಭ. ಎಷ್ಟೋ ಸಲ ಅವರು ಮಾಡಿದ್ದು, ಉಳಿದವರು ಮುಚ್ಚಿಟ್ಟದ್ದನ್ನು ಬಾಯಿಬಿಟ್ಟು ಹೇಳಿದ್ದು ಮಾತ್ರ.

ಪ್ರೇಮಚಂದರ 1910ರ 'ಬಡೇ ಘರ್ ಕೀ ಬೇಟಿ' ಕತೆಯಲ್ಲೂ ಹೀಗೆಯೇ. ಬೇಳೆಗೆ ತುಪ್ಪವಿಲ್ಲ ಎಂಬ ಮಾತಿನಿಂದ ಶುರುವಾಗಿ ಮೈದುನ ಲಾಲಬಿಹಾರಿ ಅತ್ತಿಗೆ ಆನಂದಿಯ ಮೇಲೆ ಮರದ ಪಾದುಕೆ ಎಸೆಯುತ್ತಾನೆ. ಮಾವ, ಹೆಂಗಸರು ಎದುರು ಮಾತಾಡಬಾರದು ಎಂದು ಮಗನ ಪರ ನಿಲ್ಲುತ್ತಾನೆ. ಗಂಡ ಮನೆ ಬೇರೆ ಮಾಡುವ ನಿರ್ಧಾರಕ್ಕೆ ಬರುತ್ತಾನೆ. ನಾಚಿ ಮನೆಬಿಟ್ಟು ಹೊರಟ ಮೈದುನನನ್ನು ಕೊನೆಗೆ ತಡೆಯುವವಳು ಪೆಟ್ಟು ತಿಂದ ಆನಂದಿಯೇ. ಸೊಸೆ ಕ್ಷಮಿಸಿದಳೆಂದು ನಾವು ಹೊಗಳುತ್ತೇವೆ, ಹೊಗಳಬೇಕಾದ್ದೇ. ಮಾವ ಮೊದಲ ದಿನವೇ ಮಗನಿಗೆ ನಾಲ್ಕು ಮಾತು ಹೇಳಿದ್ದರೆ ಆ ಕ್ಷಮೆಯ ಭಾರ ಅವಳೊಬ್ಬಳ ಮೇಲೆ ಬೀಳುತ್ತಿರಲಿಲ್ಲ ಎಂಬುದನ್ನೂ ನೆನಪಿಡಬೇಕು.

ಹಾಗಾದರೆ ಬೆತ್ತವೇ ಸರಿಯೇ?

ಇದನ್ನೆಲ್ಲ ಓದಿ, ಹಿಂದಿನ ಕಾಲದ ಬೆತ್ತವೇ ಒಳ್ಳೆಯದಿತ್ತು ಎಂದು ಯಾರಾದರೂ ಹೇಳಬಹುದು. ಅಂಥವರು ಐರಿಷ್ ಲೇಖಕ ಫ್ರ್ಯಾಂಕ್ ಓಕಾನರ್ (1903–1966) ಅವರ 'ಫಸ್ಟ್ ಕನ್ಫೆಷನ್' ಎಂಬ ನಗೆಯ ಕತೆ ಓದಬೇಕು. ಏಳು ವರ್ಷದ ಜಾಕಿಯ ಮನೆಗೆ ಹಳ್ಳಿಯ ಅಜ್ಜಿ ಬಂದು ನೆಲೆಸುತ್ತಾಳೆ. ಬರಿಗಾಲಲ್ಲಿ ನಡೆಯುವ, ಕೈಯಲ್ಲಿ ಆಲೂಗಡ್ಡೆ ತಿನ್ನುವ ಅಜ್ಜಿಯ ಬಗ್ಗೆ ಅವನಿಗೆ ನಾಚಿಕೆ. ಅಕ್ಕ ನೋರಾ ಅಜ್ಜಿಯನ್ನು ಓಲೈಸಿ ಕಾಸು ಗಿಟ್ಟಿಸುತ್ತಾಳೆ, ತಮ್ಮನ ಮೇಲೆ ದೂರು ಹೇಳುತ್ತಾಳೆ. ತಂದೆ ಬಡಿಯುತ್ತಾನೆ. ಮೊದಲ ಪಾಪನಿವೇದನೆಗೆ ತಯಾರು ಮಾಡುವ ಹೆಂಗಸು ನರಕದ ಬೆಂಕಿಯ ಮಾತಾಡಿ ಹೆದರಿಸುತ್ತಾಳೆ. ಆದರೆ ಪಾಪನಿವೇದನೆಯ ಪೆಟ್ಟಿಗೆಯಲ್ಲಿ ಕೂತ ಗುರು, ಅಜ್ಜಿಯನ್ನು ಕೊಲ್ಲುವ ಯೋಚನೆಯಿತ್ತು ಎಂದ ಹುಡುಗನ ಮಾತನ್ನು ಪೂರ್ತಿ ಕೇಳುತ್ತಾರೆ. ಅವನ ಬದುಕಿನಲ್ಲಿ ಹಾಗೆ ಕೇಳಿದ ಮೊದಲ ದೊಡ್ಡವರು ಅವರೇ. ಅವರು ತಪ್ಪನ್ನು ತಪ್ಪಲ್ಲ ಎನ್ನಲಿಲ್ಲ, ಪ್ರಾಯಶ್ಚಿತ್ತವನ್ನೂ ಕೊಟ್ಟರು, ಹೊರಡುವಾಗ ಮಿಠಾಯಿಯನ್ನೂ ಕೊಟ್ಟರು. ಪಾಪನಿವೇದನೆ ಆಲಿಸಲು ಕೂರುವ ನಾವು ಈ ಕತೆಯನ್ನು ಆಗಾಗ ಓದಬೇಕು ಎಂದು ನಮಗೇ ಹೇಳಿಕೊಂಡಿದ್ದೇವೆ.

ರಷ್ಯಾದ ಚೆಕಾಫರ 1887ರ 'ಮನೆಯಲ್ಲಿ' ಎಂಬ ಕತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸರಕಾರಿ ವಕೀಲ ಬಿಕೋವ್‌ಸ್ಕಿಗೆ ಹೆಂಡತಿಯಿಲ್ಲ. ಏಳು ವರ್ಷದ ಮಗ ಸೆರ್ಯೋಜ ತಂದೆಯ ಮೇಜಿನಿಂದ ತಂಬಾಕು ಕದ್ದು ಸೇದಿದನೆಂದು ಮನೆಯ ಶಿಕ್ಷಕಿ ದೂರುತ್ತಾಳೆ. ತಂದೆ ವಕೀಲನಂತೆ ವಾದಿಸುತ್ತಾನೆ. ಪರರ ವಸ್ತು ಮುಟ್ಟಬಾರದು, ನಿನ್ನ ಕುದುರೆ, ಚಿತ್ರಗಳನ್ನು ನಾನು ತೆಗೆದುಕೊಳ್ಳುತ್ತೇನೆಯೇ ಎಂದು ಕೇಳುತ್ತಾನೆ. ಬೇಕಾದರೆ ತೆಗೆದುಕೊಳ್ಳಿ ಎನ್ನುತ್ತಾನೆ ಮಗ, ಉದಾರವಾಗಿ. ವಾದ ಸೋಲುತ್ತದೆ. ಮಲಗುವ ಹೊತ್ತಿಗೆ ಅವನು ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಒಬ್ಬನೇ ಮಗನಿದ್ದ ಮುದಿ ರಾಜನ ಕತೆ ಕಟ್ಟಿ ಹೇಳುತ್ತಾನೆ. ರಾಜಕುಮಾರ ಒಳ್ಳೆಯವನು, ಆದರೆ ಸೇದುತ್ತಿದ್ದ, ಕ್ಷಯ ಬಂದು ಸತ್ತ. ದಿಕ್ಕಿಲ್ಲದ ರಾಜನನ್ನು ಶತ್ರುಗಳು ಕೊಂದರು, ತೋಟ ಹಾಳಾಯಿತು. ಹುಡುಗ ಬಹಳ ಹೊತ್ತು ಕಿಟಕಿಯ ಕತ್ತಲನ್ನು ನೋಡಿ, ಇನ್ನು ಸೇದುವುದಿಲ್ಲ ಎನ್ನುತ್ತಾನೆ.

ಬೆತ್ತವಾಗಲಿ ವಾದವಾಗಲಿ ಮಾಡದ್ದನ್ನು ಒಂದು ಕತೆ ಮಾಡಿತು ಎಂಬುದಷ್ಟೇ ಇದರ ಸಾರವಲ್ಲ. ತಾನು ಸತ್ತರೆ ಅಪ್ಪ ಒಂಟಿಯಾಗುತ್ತಾನೆ ಎಂಬುದು ಹುಡುಗನಿಗೆ ಆಗ ಹೊಳೆಯಿತು. ರಾಯಿಚರಣ ತನ್ನ ಮಗನಿಂದ ಮುಚ್ಚಿಟ್ಟದ್ದು ಇದನ್ನೇ.

ಓದುವಾಗ ಇರಬೇಕಾದ ಎಚ್ಚರ

ಕತೆಗಳನ್ನು ನಂಬಿ ಕುಟುಂಬಗಳಿಗೆ ತೀರ್ಪು ಕೊಡಬಾರದು. ಕತೆಗಾರನಿಗೆ ಒಂದು ತೀವ್ರವಾದ ಘಟನೆ ಬೇಕು, ಆದ್ದರಿಂದ ಸಿಂಹಗಳೂ ಕೊಲೆಗಾರರೂ ಬರುತ್ತಾರೆ. ನಿಜವಾದ ಮನೆಗಳಲ್ಲಿ ಹೆಚ್ಚಿನವು ನಿಧಾನವಾಗಿ ಕೆಡುತ್ತವೆ, ನಿಧಾನವಾಗಿ ಸರಿಯಾಗುತ್ತವೆ. ಎರಡನೆಯದಾಗಿ, ಕತೆ ಯಾರ ಕಣ್ಣಿನಿಂದ ಬರುತ್ತದೆಯೋ ಅವರಿಗೆ ನ್ಯಾಯ ಹೆಚ್ಚು ಸಿಗುತ್ತದೆ. ಜಾಕಿಯ ಕತೆಯನ್ನು ಅಜ್ಜಿ ಹೇಳಿದ್ದರೆ, ಮುದಿವಯಸ್ಸಿನಲ್ಲಿ ಊರು ಬಿಟ್ಟು ಮಗನ ಮನೆಗೆ ಬಂದವಳ ದುಃಖ ನಮಗೆ ತಿಳಿಯುತ್ತಿತ್ತು. ಮೂರನೆಯದಾಗಿ, ಹಳೆಯ ಕತೆಗಳಲ್ಲಿ ತಪ್ಪು ತಾಯಿಯ ಮೇಲೆ ಬೇಗ ಬೀಳುತ್ತದೆ. 'ಒಂದೇ ನಿಮಿಷ ಬಿಡಿ' ಎಂದವಳು ಲಿಡಿಯಾ ಎಂಬುದು ಓದುಗರಿಗೆ ನೆನಪಿರುತ್ತದೆ. ಮಕ್ಕಳಿಗೆ ಆ ಕೋಣೆಯನ್ನು ಕೊಟ್ಟದ್ದು ಇಬ್ಬರೂ ಸೇರಿ ಎಂಬುದು ಮರೆತುಹೋಗುತ್ತದೆ.

ಧರ್ಮಕೇಂದ್ರಗಳಲ್ಲಿ, ಕಿರು ಕ್ರೈಸ್ತ ಸಮುದಾಯಗಳ ಕೂಟಗಳಲ್ಲಿ ಇಂಥ ಕತೆಗಳನ್ನು ಬಳಸುವವರಿಗೆ ನಮ್ಮ ಅನುಭವದ ಕೆಲವು ಸಲಹೆಗಳು:

1. ಕತೆಯನ್ನು ಪೂರ್ತಿ ಗಟ್ಟಿಯಾಗಿ ಓದಿ, ಇಲ್ಲವೇ ಚೆನ್ನಾಗಿ ಹೇಳಿ. ಅರ್ಧಕ್ಕೆ ನಿಲ್ಲಿಸಿ ನೀತಿ ಹೇಳಬೇಡಿ.

2. ಮೊದಲು ಕೇಳಬೇಕಾದ್ದು, ತಪ್ಪು ಯಾರದ್ದು ಎಂದಲ್ಲ. ಈ ಮನೆಯಲ್ಲಿ ಯಾರ ಮಾತನ್ನು ಯಾರೂ ಕೇಳುತ್ತಿಲ್ಲ ಎಂದು ಕೇಳಿ.

3. ಸಲಿಗೆ ಕೊಟ್ಟವರು ಯಾಕೆ ಕೊಟ್ಟರು ಎಂದು ಕೇಳಿ. ದಣಿವೇ, ಅಪರಾಧ ಭಾವನೆಯೇ, ದೂರದಲ್ಲಿರುವ ಸಂಕಟವೇ, ನಾಲ್ಕು ಜನರೆದುರು ಮರ್ಯಾದೆಯ ಭಯವೇ?

4. ತಮ್ಮ ಮನೆಯ ಗುಟ್ಟು ಹೇಳಲು ಯಾರನ್ನೂ ಒತ್ತಾಯಿಸಬೇಡಿ. ರಾಯಿಚರಣನ ಬಗ್ಗೆ ಮಾತಾಡುತ್ತಾ ಜನ ತಮ್ಮ ಬಗ್ಗೆಯೇ ಮಾತಾಡುತ್ತಾರೆ.

5. ಸಾಧ್ಯವಾದಲ್ಲಿ ಮಕ್ಕಳನ್ನೂ ಹೆತ್ತವರನ್ನೂ ಒಟ್ಟಿಗೆ ಕೂರಿಸಿ. ಒಂದೇ ಕತೆಯಲ್ಲಿ ಇಬ್ಬರಿಗೂ ಬೇರೆ ಬೇರೆ ತಪ್ಪುಗಳು ಕಾಣುತ್ತವೆ.

ಮುಗಿಯದ ಒಂದು ಕತೆ

ಪವಿತ್ರ ಗ್ರಂಥ ಈ ವಿಷಯದಲ್ಲಿ ಮೌನವಾಗಿಲ್ಲ. ಯಾಜಕ ಏಲಿ ತನ್ನ ಇಬ್ಬರು ಮಕ್ಕಳ ದುರ್ನಡತೆ ತಿಳಿದು ಬಾಯಿಮಾತಿನಲ್ಲಿ ಬೈದನೇ ಹೊರತು ತಡೆಯಲಿಲ್ಲ. ಅರಸ ದಾವೀದ ತನ್ನ ಮಗ ಅದೋನೀಯನನ್ನು, ಹೀಗೇಕೆ ಮಾಡಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಆದರೆ ಕುಟುಂಬದ ಬಗ್ಗೆ ಹೇಳಿದ ಸಣ್ಣಕತೆಗಳಲ್ಲಿ ಎಲ್ಲರೂ ಬಲ್ಲದ್ದು ಸಂತ ಲೂಕನ ಶುಭಸಂದೇಶದ 15ನೇ ಅಧ್ಯಾಯದ ಸಾಮತಿ. ಕಿರಿಯ ಮಗ ಆಸ್ತಿ ಕೇಳುತ್ತಾನೆ, ತಂದೆ ಮರುಮಾತಿಲ್ಲದೆ ಕೊಡುತ್ತಾನೆ. ಇವತ್ತಿನ ಸಭೆಗಳಲ್ಲಿ ನಾವು ಆ ತಂದೆಯನ್ನೂ ಅತಿಸಲಿಗೆಯ ತಂದೆ ಎಂದು ಬೈಯುತ್ತಿದ್ದೆವೋ ಏನೋ.

ಆ ತಂದೆ ಬೇರೆಯಾಗುವುದು ಒಂದು ವಿಷಯದಲ್ಲಿ. ಅವನು ಕೊಟ್ಟು ಸುಮ್ಮನಾಗಲಿಲ್ಲ. ದೂರದಲ್ಲಿ ಬರುವ ಮಗನನ್ನು ಗುರುತಿಸುವಷ್ಟು ಅವನ ಕಣ್ಣು ದಾರಿಯ ಮೇಲಿತ್ತು. ಸಿಟ್ಟಿನಿಂದ ಹೊರಗೆ ನಿಂತ ಹಿರಿಯ ಮಗನ ಬಳಿಗೂ ಅವನೇ ಎದ್ದು ಹೋದ, ಅವನ ಕಟುವಾದ ದೂರನ್ನು ಪೂರ್ತಿ ಕೇಳಿದ, ಆಮೇಲೆ ತನ್ನ ಮಾತನ್ನು ಹೇಳಿದ. ಹಿರಿಯ ಮಗ ಒಳಗೆ ಬಂದನೋ ಇಲ್ಲವೋ ಎಂದು ಸಾಮತಿಯಲ್ಲಿ ಹೇಳಿಲ್ಲ. ಅಣ್ಣತಮ್ಮಂದಿರು ಮತ್ತೆ ಮಾತಾಡಿದರೋ, ಅದೂ ಗೊತ್ತಿಲ್ಲ.

ಆ ತಾಯಿಗೆ ನಾವು ಆ ದಿನ ಕೊಡಬೇಕಿದ್ದ ಉತ್ತರ ಈಗಲೂ ಪೂರ್ತಿಯಾಗಿ ನಮ್ಮಲ್ಲಿಲ್ಲ. ಆದರೆ ಮತ್ತೆ ಸಿಕ್ಕರೆ ಇಷ್ಟನ್ನು ಹೇಳುತ್ತೇವೆ. ತಪ್ಪು ನಿಮ್ಮೊಬ್ಬರದೇ ಎಂಬಂತೆ ಮಾತಾಡಿದ್ದಕ್ಕೆ ಕ್ಷಮಿಸಿ. ರಾತ್ರಿಯ ಫೋನಿನಲ್ಲಿ ಮಗನಿಗೆ ಏನು ಕೊಡಿಸಬೇಕು ಎಂಬುದಕ್ಕೆ ಮೊದಲು, ಆ ದಿನ ಮನೆಯಲ್ಲಿ ಏನಾಯಿತು ಎಂದು ಗಂಡನಿಗೆ ಹೇಳಿ. ನೀವಿಬ್ಬರೂ ಮಾತಾಡಿ ಒಂದು ತೀರ್ಮಾನಕ್ಕೆ ಬಂದ ಮೇಲೆ ಮಗನ ಕೈಗೆ ಫೋನ್ ಕೊಡಿ. ಅಪ್ಪ ಅಲ್ಲಿ ಹೇಗಿದ್ದಾರೆ, ಯಾವ ಬಿಸಿಲಿನಲ್ಲಿ ಯಾವ ಕೆಲಸ ಮಾಡುತ್ತಾರೆ ಎಂಬುದು ಮಗನಿಗೆ ಅಪ್ಪನ ಬಾಯಿಂದಲೇ ತಿಳಿಯಲಿ. ಆಮೇಲೆ 'ಬೇಡ' ಎನ್ನಬೇಕಾಗಿ ಬಂದರೆ ಆ ಮಾತನ್ನು ನೀವೊಬ್ಬರೇ ಹೇಳಬೇಕಾಗುವುದಿಲ್ಲ.